ಮೆಡಿಕಲ್ ಕಾಲೇಜಿನವರು ನಮ್ಮೂರನ್ನು ದತ್ತು ತಗೊಂಡಿದ್ದಾರೆ, ಊರವರು ಏನು ಕೇಳಬಹುದು?

ಬಯಲುಸೀಮೆಯವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗದೆ ಓದಿ.

ನಮ್ಮೂರು ತುಮಕೂರು–ಚಿತ್ರದುರ್ಗದ ಕಡೆ, ಹೆಸರು ಬೇಡ. ನಾನು ಗ್ರಾಮ ಪಂಚಾಯ್ತಿ ಸದಸ್ಯ, ಮೊದಲ ಸಲ ಗೆದ್ದವನು. ಎರಡು ವರ್ಷದ ಹಿಂದೆ ಒಂದು ಮೆಡಿಕಲ್ ಕಾಲೇಜಿನವರು ಬಂದು ಊರನ್ನು ದತ್ತು ತಗೊಂಡಿದ್ದೇವೆ ಅಂದರು. ಆಗಿನಿಂದ ಆಗಾಗ ಬಸ್ ಬರುತ್ತೆ, ಬಿಳಿ ಕೋಟಿನ ಮಕ್ಕಳು ಇಳಿಯುತ್ತಾರೆ, ಒಬ್ಬೊಬ್ಬರಿಗೆ ಮೂರು ನಾಲ್ಕು ಮನೆ. ನಮ್ಮ ಬೀದಿಯ ಅಜ್ಜಿ ಮೊದಲ ದಿನವೇ ಕೇಳಿಬಿಟ್ಟರು, "ನಂಗೆ ನಾಲ್ಕು ಜನ ಮಕ್ಕಳವ್ರೆ, ನನ್ನ ಯಾಕಪ್ಪಾ ದತ್ತು ತಗೊಳ್ತೀಯ?" ಅಂತ. ಆ ಹುಡುಗನಿಗೆ ಕನ್ನಡ ಬರದು. ನಕ್ಕು, ಬಿಪಿ ಪಟ್ಟಿ ಸುತ್ತಿದ.

ಮಕ್ಕಳು ಒಳ್ಳೆಯವರೇ. ಒಬ್ಬ ಹುಡುಗಿ ನನ್ನ ಅತ್ತೆಯ ಕಣ್ಣಿನ ಪೊರೆ ನೋಡಿ, ತಾನೇ ಫೋನ್ ಮಾಡಿ ಓಡಾಡಿ ಆಪರೇಷನ್ ಮಾಡಿಸಿದಳು. ಅದನ್ನು ಮರೆಯಲ್ಲ. ಆದರೆ ಫಾರಂ ನೋಡಿದರೆ ತಲೆ ಕೆಡುತ್ತೆ. ಮನೆಗೆ ಎಷ್ಟು ಕಿಟಕಿ, ಒಲೆ ಯಾವುದು, ಹಸು ಎಲ್ಲಿ ಕಟ್ಟುತ್ತೀರಿ, ಆದಾಯ ಎಷ್ಟು. ಪ್ರತಿ ವರ್ಷ ಹೊಸ ಬ್ಯಾಚ್ ಬಂದು ಅದೇ ಕಿಟಕಿ ಎಣಿಸುತ್ತೆ. ಕುಡಿಯುವ ನೀರು ಎಲ್ಲಿಂದ ಅಂತಲೂ ಕೇಳುತ್ತಾರೆ, ಬೋರ್‌ವೆಲ್ ಅಂದರೆ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಮ್ಮೂರ ಕಷ್ಟ ಇರುವುದೇ ಆ ಟಿಕ್‌ನಲ್ಲಿ. ಸ್ಕೂಲ್ ಮಕ್ಕಳ ಹಲ್ಲೆಲ್ಲ ಕಂದು ಪಟ್ಟೆ, ಐವತ್ತು ದಾಟಿದವರು ಕೂತರೆ ಏಳಲು ಗೋಡೆ ಹಿಡಿಯಬೇಕು. ಶುದ್ಧ ನೀರಿನ ಘಟಕ ಕೆಟ್ಟು ಏಳು ತಿಂಗಳಾಯ್ತು, ಕಾಯಿನ್ ಹಾಕುವ ಡಬ್ಬಿಯಲ್ಲಿ ಜೇಡ ಬಲೆ ಕಟ್ಟಿದೆ.

ಇನ್ನೊಂದು. ಕಳೆದ ವರ್ಷ ಕ್ಯಾಂಪ್ ಅಂತ ಮಾಡಿ ಸುಮಾರು ಜನರ ತೋಳಿನಿಂದ ರಕ್ತ ತೆಗೆದರು. ಒಂದು ಚೀಟಿ ವಾಪಸ್ ಬಂದಿಲ್ಲ. ಯಾವ ಪೇಪರಿಗೆ ಹೆಬ್ಬೆಟ್ಟು ಹಾಕಿಸಿಕೊಂಡರು ಅಂತಲೂ ಯಾರಿಗೂ ಗೊತ್ತಿಲ್ಲ.

ಜಗಳ ಆಡುವ ಮನಸ್ಸಿಲ್ಲ, ಬರಬೇಡಿ ಅಂತಲೂ ಅಲ್ಲ. ಆದರೆ ಊರು ಏನನ್ನ ಕೇಳಬಹುದು? ಕೇಳುವುದಕ್ಕೆ ನಿಯಮ ಇದೆಯಾ? ಬೇರೆ ಕಡೆ ಎಲ್ಲಾದರೂ ಕಾಲೇಜು ಮತ್ತು ಊರು ಸೇರಿ ನಿಜವಾಗಿ ಏನಾದರೂ ಆಗಿದೆಯಾ?

---

ಥರ್ಡ್‌ಇಯರ್‌ಗೋಳು

ಅಣ್ಣಾ, ನಾನು ಅದೇ ಬಿಳಿ ಕೋಟಿನ ಗುಂಪಿನವನು, ಬೇರೆ ಜಿಲ್ಲೆ, ಬೇರೆ ಕಾಲೇಜು. ಇದು ನಮ್ಮ ಕಾಲೇಜುಗಳ ದೊಡ್ಡ ಮನಸ್ಸೇನಲ್ಲ. 2021ರಲ್ಲಿ ಸೇರಿದ ಬ್ಯಾಚಿನಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಕುಟುಂಬ ದತ್ತು ಕಾರ್ಯಕ್ರಮ ಅಂತ ಎಂಬಿಬಿಎಸ್ ಪಠ್ಯದಲ್ಲಿ ಸೇರಿಸಿದೆ. ಮೊದಲ ವರ್ಷದಿಂದಲೇ ಹಳ್ಳಿಗೆ ಹೋಗಬೇಕು, ಅದೇ ಕುಟುಂಬಗಳನ್ನು ಮೂರು ವರ್ಷ ನೋಡಿಕೊಳ್ಳಬೇಕು. ಯೋಚನೆ ಚೆನ್ನಾಗಿದೆ. ಆದರೆ ನಮ್ಮನ್ನು ಅಳೆಯುವುದು ಭೇಟಿಯ ಲೆಕ್ಕ ಬರೆಯುವ ಲಾಗ್‌ಬುಕ್ಕಿಂದ. ಸಹಿ ಬಿದ್ದರೆ ಮುಗಿಯಿತು.

ಇಲ್ಲಿ ಹೆಸರಿಲ್ಲ ಅಂತ ಧೈರ್ಯ ಮಾಡಿ ಹೇಳ್ತೀನಿ, ಮಳೆ ಬಂದ ಒಂದು ವಾರ ನಾವು ನಾಲ್ಕು ಜನ ಹಳ್ಳಿಗೆ ಹೋಗದೆ ಹಾಸ್ಟೆಲ್‌ನಲ್ಲಿ ಕೂತು ಹಿಂದಿನ ಸಲದ ಬಿಪಿಗೆ ಎರಡು ಹೆಚ್ಚು ಎರಡು ಕಡಿಮೆ ಮಾಡಿ ಬರೆದೆವು. ನಾಚಿಕೆ ಆಗುತ್ತೆ.

ಆದರೆ ಕಲಿತದ್ದೂ ಅಲ್ಲೇ. ನನಗೆ ಬಂದ ಒಂದು ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ, ಮಾತ್ರೆ ಸರಿಯಾಗಿ ತಗೊಳ್ಳುತ್ತಿರಲಿಲ್ಲ. ನಾನು ಪುಸ್ತಕದಲ್ಲಿ ಓದಿದ ಹಾಗೆ "ರೋಗಿಗೆ ತಿಳುವಳಿಕೆ ಕಡಿಮೆ" ಅಂತ ಬರೆದೆ. ಮೂರನೇ ಸಲ ಹೋದಾಗ ಅವರ ಹೆಂಡತಿ ಹೇಳಿದರು, ಆಸ್ಪತ್ರೆಯಲ್ಲಿ ಹದಿನೈದು ದಿನಕ್ಕೆ ಮಾತ್ರ ಮಾತ್ರೆ ಕೊಡುತ್ತಾರೆ, ತರಲು ಹೋದರೆ ಒಂದು ದಿನದ ಕೂಲಿ ಹೋಗುತ್ತೆ, ಅದಕ್ಕೆ ತಲೆ ಸುತ್ತು ಬಂದ ದಿನ ಮಾತ್ರ ನುಂಗುತ್ತಾರೆ ಅಂತ. ಅವರ ಲೆಕ್ಕ ಸರಿಯಾಗೇ ಇತ್ತು, ದಡ್ಡ ನಾನೇ.

ಒಂದು ಕೇಳಿ: ಪ್ರತಿ ಮನೆಗೂ ಒಂದು ಪುಸ್ತಕ ಇರಲಿ, ಅದು ಮನೆಯಲ್ಲೇ ಇರಲಿ. ನಾವು ಅಳೆದದ್ದನ್ನೆಲ್ಲ ಮೊದಲು ಅದರಲ್ಲಿ ಕನ್ನಡದಲ್ಲಿ ಬರೆಯಬೇಕು, ಆಮೇಲೆ ಲಾಗ್‌ಬುಕ್. ಹೊಸ ಬ್ಯಾಚ್ ಬಂದಾಗ ಕಿಟಕಿ ಮತ್ತೆ ಎಣಿಸುವುದು ತಪ್ಪುತ್ತೆ. ಹಾಸ್ಟೆಲ್‌ನಲ್ಲಿ ಕೂತು ಬರೆಯುವುದೂ ತಪ್ಪುತ್ತೆ :)

---

ಆಶಾ ಹದಿನಾಲ್ಕು ವರ್ಷ

ನಾನು ಆಶಾ. ಇದನ್ನೆಲ್ಲ ಓದಿ ನಗು ಬಂತು. ಬಸ್ ಬರುತ್ತೆ ಅಂತ ಹಿಂದಿನ ದಿನ ರಾತ್ರಿ ನನಗೇ ಫೋನ್. ಮನೆ ತೋರಿಸುವವಳು ನಾನು, ಬಾಗಿಲು ತಟ್ಟುವವಳು ನಾನು, ಅವರು ಹೋದ ಮೇಲೆ "ನನ್ನ ರಿಪೋರ್ಟ್ ಎಲ್ಲಿ" ಅಂತ ಬೈಸಿಕೊಳ್ಳುವವಳೂ ನಾನೇ. ಆ ದಿನದ ನನ್ನ ಕೂಲಿ ಯಾರೂ ಕೇಳಲ್ಲ, ಟೀ ಮಾತ್ರ ಕೊಡುತ್ತಾರೆ. ಗುರುವಾರ ಲಸಿಕೆ ದಿನ ಅಂತ ಎಷ್ಟು ಸಲ ಹೇಳಿದರೂ ಗುರುವಾರವೇ ಬರುತ್ತಾರೆ.

ಮೆಂಬರ್ ಸಾರ್, ನಿಮಗೊಂದು ಪ್ರಶ್ನೆ. ನಿಮ್ಮೂರಲ್ಲಿ ದತ್ತು ಆದ ಮನೆಗಳು ಯಾವ ಬೀದಿಯವು? ನಮ್ಮಲ್ಲಿ ಬಸ್ ನಿಲ್ಲುವುದು ದೇವಸ್ಥಾನದ ಅರಳಿಮರದ ಕೆಳಗೆ. ನೆರಳಿಂದ ಎಷ್ಟು ದೂರ ನಡೆಯಲು ಆಗುತ್ತೋ ಅಷ್ಟು ಮನೆ ದತ್ತು. ಕಾಲೊನಿ ಕೊನೆಗೆ ಬರುತ್ತೆ, ಅಷ್ಟೊತ್ತಿಗೆ ಬಸ್ ಹಾರ್ನ್ ಹಾಕುತ್ತೆ. ಹೆರಿಗೆಯಲ್ಲಿ, ರಕ್ತಹೀನತೆಯಲ್ಲಿ ನನಗೆ ನಿದ್ದೆಗೆಡಿಸುವ ಮನೆಗಳೆಲ್ಲ ಅಲ್ಲೇ ಇರೋದು.

---

ಪಿಎಸ್‌ಎಂ ಮೇಷ್ಟ್ರು

ಆಶಾ ಅಮ್ಮ ಹೇಳಿದ್ದು ನನ್ನ ಕೆನ್ನೆಗೆ ಬಿತ್ತು. ನಾನು ಸಮುದಾಯ ವೈದ್ಯಶಾಸ್ತ್ರ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಬಸ್ ಕಳಿಸುವವನು ನಾನೇ. ಡ್ರೈವರ್ ಎರಡು ಗಂಟೆಗೆ ವಾಪಸ್ ಬರಬೇಕು, ಊಟದ ಮೇಲೆ ಅದೇ ಬಸ್ ನರ್ಸಿಂಗ್ ಮಕ್ಕಳಿಗೆ ಬೇಕು. ಊರು ಆರಿಸುವಾಗಲೂ ನಾವು ಮೊದಲು ನೋಡುವುದು ರಸ್ತೆ. ಇದು ಸಮರ್ಥನೆ ಅಲ್ಲ, ಒಳಗಿನ ಕಥೆ.

ದೇಶಕ್ಕೆ ಇದೇನೂ ಹೊಸದಲ್ಲ. 1977ರಲ್ಲೇ ರೋಮ್ ಅನ್ನುವ ಯೋಜನೆ ಬಂತು, ಪ್ರತಿ ಮೆಡಿಕಲ್ ಕಾಲೇಜು ಸುತ್ತಲಿನ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊಣೆ ಹೊರಬೇಕು ಅಂತ, ದೊಡ್ಡ ದೊಡ್ಡ ವ್ಯಾನ್ ಸಮೇತ. ಈಗ ಅದರ ಹೆಸರು ಪರೀಕ್ಷೆಯ ಕಿರು ಟಿಪ್ಪಣಿಯಲ್ಲಿ ಉಳಿದಿದೆ. ನನಗನಿಸುವುದು, ಇವೆಲ್ಲ ಮೇಲಿಂದ ಇಳಿದ ಆದೇಶಗಳು, ಊರು ಕೇಳಿದ್ದಲ್ಲ. ಕೇಳದೆ ಬಂದದ್ದನ್ನು ಊರೂ ಹಿಡಿದು ನಿಲ್ಲಿಸಿಕೊಳ್ಳಲಿಲ್ಲ.

ಈಗ ನಿಮ್ಮ ಪ್ರಶ್ನೆ. ಎರಡು ವಿಷಯ ಬೇರೆ ಮಾಡಿ. ವಿದ್ಯಾರ್ಥಿ ಕಲಿಯಲು ಬಂದು ಬಿಪಿ ನೋಡುವುದು ಒಂದು. ಮಾಹಿತಿ ಅಥವಾ ರಕ್ತ ತೆಗೆದು ಸಂಶೋಧನೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿ ಇದೆ. ಕಾಲೇಜಿನ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿ, ಮೊದಲೇ ಒಪ್ಪಿರಬೇಕು. ಒಪ್ಪಿಗೆ ಪತ್ರ ಜನಕ್ಕೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದರ ಒಂದು ಪ್ರತಿ ನಿಮಗೆ ಸಿಗಬೇಕು, ಬೇಡ ಅಂದು ಯಾವಾಗ ಬೇಕಾದರೂ ಹೊರಗೆ ಬರಬಹುದು. ಆ ಕಮಿಟಿಯಲ್ಲಿ ವೈದ್ಯರಲ್ಲದ, ಕಾಲೇಜಿಗೆ ಸೇರದ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಆದ್ದರಿಂದ ಡೀನ್‌ಗೆ ಪತ್ರ ಬರೆದು ಒಂದೇ ಪ್ರಶ್ನೆ ಕೇಳಿ: ಆ ಕ್ಯಾಂಪಿನ ರಕ್ತ ಚಿಕಿತ್ಸೆಗೋ, ಸಂಶೋಧನೆಗೋ? ಚಿಕಿತ್ಸೆಗೆ ಅಂದರೆ ರಿಪೋರ್ಟ್ ಕೊಡಿ. ಸಂಶೋಧನೆಗೆ ಅಂದರೆ ಕಮಿಟಿಯ ಅನುಮತಿ ತೋರಿಸಿ, ರಿಪೋರ್ಟನ್ನೂ ಕೊಡಿ. ಈ ಪತ್ರಕ್ಕೆ ಬೆಲೆ ಇದೆ, ನಂಬಿ. ಪಂಚಾಯ್ತಿ ಲೆಟರ್‌ಹೆಡ್‌ನಲ್ಲಿ ಬಂದರೆ ಇನ್ನೂ ಜಾಸ್ತಿ.

ನೀರಿನ ವಿಷಯಕ್ಕೆ ನೀವು ಹೇಳಿದ ಲಕ್ಷಣ ಓದಿದರೆ ಫ್ಲೋರೈಡ್ ಅಂತಲೇ ಅನುಮಾನ ಬರುತ್ತೆ, ಆದರೆ ಪರೀಕ್ಷೆ ಮಾಡದೆ ಹೇಳಬಾರದು. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರು ಸಿಗದಿದ್ದರೆ 1.5ರ ತನಕ ಸಹಿಸಬಹುದು. ಜಿಲ್ಲೆಯ ನೀರಿನ ಲ್ಯಾಬಿಗೆ ಒಂದು ಬಾಟಲಿ ಕಳಿಸಿ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತೆ, ಇದನ್ನು ಮಾತ್ರ ಇವತ್ತೇ ಊರಿಗೆ ಹೇಳಿ. ಹಲ್ಲಿನ ಪಟ್ಟೆ ಬೀಳುವುದು ಹಲ್ಲು ಒಳಗೆ ಬೆಳೆಯುವ ವಯಸ್ಸಲ್ಲಿ, ಸುಮಾರು ಎಂಟು ವರ್ಷದ ಒಳಗೆ. ದೊಡ್ಡ ಮಕ್ಕಳ ಪಟ್ಟೆ ಹೋಗದು, ಅಂಗನವಾಡಿ ಮಕ್ಕಳ ಹಲ್ಲು ಇನ್ನೂ ಉಳಿಸಬಹುದು.

ಕಾಲೇಜಿಗೆ ಇದರಿಂದ ಲಾಭವೂ ಇದೆ, ಅದನ್ನೇ ಹಿಡಿಯಿರಿ. ಎಂಡಿ ವಿದ್ಯಾರ್ಥಿಗೆ ಪ್ರಬಂಧಕ್ಕೆ ವಿಷಯ ಬೇಕು. ಎಂಬಿಬಿಎಸ್‌ನವರಿಗೆ ಐಸಿಎಂಆರ್‌ನ ಎರಡು ತಿಂಗಳ ಪ್ರಾಜೆಕ್ಟ್ ಇದೆ. ಸ್ಕೂಲ್ ಮಕ್ಕಳ ಹಲ್ಲಿನ ಪಟ್ಟೆಯನ್ನು ಡೀನ್ ಸೂಚ್ಯಂಕದಲ್ಲಿ ಅಳೆಯಲಿ (ಅದು ಟ್ರೆಂಡ್ಲಿ ಡೀನ್ ಅನ್ನುವ ದಂತವೈದ್ಯರ ಹೆಸರು, ನಮ್ಮ ಡೀನ್ ಸಾಹೇಬರದ್ದಲ್ಲ). ಆ ಲೆಕ್ಕ ಇಟ್ಟುಕೊಂಡು ನೀವು ಜಿಲ್ಲೆಯಲ್ಲಿ ಕೇಳಬಹುದು. ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಬರುವ ಹಲ್ಲು, ಮೂಳೆಯ ಕಾಯಿಲೆ) ತಡೆಗೆ ಕೇಂದ್ರದ ಕಾರ್ಯಕ್ರಮ 2008–09ರಿಂದಲೇ ಇದೆ.

---

ಖಾಲಿಜೇಬು

ಮೇಷ್ಟ್ರೇ, ಕೊನೆಗೂ ಅಸಲಿ ವಿಷಯಕ್ಕೆ ಬಂದಿರಿ. ಪ್ರಬಂಧ, ಪ್ರಾಜೆಕ್ಟ್, ಪೇಪರ್. ಊರಿನ ಮೊಣಕಾಲು ನೋವು ನಿಮ್ಮ ಪ್ರಮೋಷನ್ನು. ಸುಮ್ನೆ ಪಂಚಾಯ್ತಿ ದುಡ್ಡಲ್ಲಿ ಫಿಲ್ಟರ್ ರಿಪೇರಿ ಮಾಡಿಸಿ ಸ್ವಾಮಿ, ಈ ಕಾಲೇಜಿನವರನ್ನು ನಂಬಿ ಕೆಟ್ಟಿರಿ.

---

ಬೆಳಗಾವಿ ಸಿಸ್ಟರ್

ಪೇಪರ್ ಅಂದರೆಲ್ಲ ಮೋಸ ಅಂತ ಅಂದುಕೋಬ್ಯಾಡ್ರಿ. ನಮ್ಮ ಜಿಲ್ಲೆದ್ದೇ ಒಂದು ಹೇಳ್ತೀನಿ. ಹೆರಿಗೆ ಆದ ಮೇಲೆ ರಕ್ತಸ್ರಾವ ಆಗಿ ತಾಯಂದಿರು ಸಾಯುವುದು ಆಗ ಬಹಳ ಇತ್ತು. ಅದನ್ನು ತಡೆಯುವ ಇಂಜೆಕ್ಷನ್ ತಂಪಿನಲ್ಲಿ ಇಡಬೇಕು, ಹಳ್ಳಿಯಲ್ಲಿ ಕರೆಂಟೇ ಇಲ್ಲ. ಜೆ.ಎನ್. ಮೆಡಿಕಲ್ ಕಾಲೇಜಿನವರು ಅಮೆರಿಕದ ವಿಶ್ವವಿದ್ಯಾಲಯದವರ ಜೊತೆ ಸೇರಿ ಮಿಸೊಪ್ರೊಸ್ಟಾಲ್ ಮಾತ್ರೆ ಪರೀಕ್ಷೆ ಮಾಡಿದರು. ಅದಕ್ಕೆ ಫ್ರಿಜ್ ಬೇಡ, ಸೂಜಿ ಬೇಡ. ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರ್ ಅಲ್ಲ, ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ನಮ್ಮ ಎಎನ್‌ಎಂಗಳು. 1620 ತಾಯಂದಿರು. ಹೋಲಿಸಿ ನೋಡಲು ಕೊಟ್ಟ, ಔಷಧಿಯಿಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚಿನ ರಕ್ತಸ್ರಾವ ಆಯ್ತು, ನಿಜ ಮಾತ್ರೆ ತಗೊಂಡವರಲ್ಲಿ 6.4. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅರ್ಧ ಜನರಿಗೆ ಖಾಲಿ ಮಾತ್ರೆ ಕೊಟ್ಟದ್ದು ಸರಿಯೋ ಅಂತ ಕೇಳಿದವರೂ ಇದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಹಳ್ಳಿಯ ಮನೆಯಲ್ಲಿ, ಲಾಟೀನು ಬೆಳಕಿನಲ್ಲಿ ಕೈಗೆ ಸಿಗುವ ಔಷಧಿ ಯಾವುದು ಅನ್ನುವ ಪ್ರಶ್ನೆ ಹಳ್ಳಿಯದ್ದೇ ಆಗಿತ್ತು, ಉತ್ತರವೂ ಹಳ್ಳಿಗೆ ಬಂತು. ಖಾಲಿಜೇಬು ಅವರೇ, ಫಿಲ್ಟರ್ ಒಂದು ಸಲ ರಿಪೇರಿ ಆದರೆ ಮತ್ತೆ ಕೆಡಲ್ಲ ಅಂತ ಯಾರು ಹೇಳಿದರು?

---

ಎಚ್ ಕ್ರಾಸ್ ರೇಷ್ಮೆ

ಊರೇ ಕಾಲೇಜನ್ನು ಕರೆಸಿಕೊಂಡ ಕಥೆ ಬೇಕಾದರೆ ನಮ್ಮ ಶಿಡ್ಲಘಟ್ಟದ ಕಡೆ ಬನ್ನಿ. ಮಳ್ಳೂರು ಅಂತ ಊರು. ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಅಲ್ಲಿ ಹಾಲಿನ ಸಹಕಾರ ಸಂಘ ಚೆನ್ನಾಗಿ ನಡೆಯುತ್ತಿತ್ತು. 1973ರಲ್ಲಿ ಸಂಘದವರು, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಸೇರಿ ಆರೋಗ್ಯ ಕೇಂದ್ರ ತೆಗೆದರು. ದುಡ್ಡು ಎಲ್ಲಿಂದ ಅಂದರೆ ಡೇರಿಗೆ ಹಾಕುವ ಪ್ರತಿ ಲೀಟರ್ ಹಾಲಿನ ಮೇಲೆ ಕೆಲವು ಪೈಸೆ. ಹಾಲು ಅಳೆಯುವಾಗಲೇ ಮುರಿದುಕೊಳ್ಳುತ್ತಿದ್ದರು. ಕಾಲೇಜಿಗೆ ಮಕ್ಕಳನ್ನು ಕಲಿಸಲು ಜಾಗ ಸಿಕ್ಕಿತು, ಊರಿಗೆ ಡಾಕ್ಟರ್ ಸಿಕ್ಕರು.

ಇದರಲ್ಲಿ ನನಗೆ ಇಷ್ಟವಾಗೋದು ಆ ಪೈಸೆ. ಬಿಟ್ಟಿ ಬಂದ ಡಾಕ್ಟರನ್ನು ಯಾಕೆ ತಡ ಮಾಡಿದಿರಿ ಅಂತ ಕೇಳಲು ಬಾಯಿ ಬರಲ್ಲ. ನಮ್ಮ ಹಾಲಿನ ದುಡ್ಡು ಅಂದರೆ ಕೇಳಬಹುದು. ಡೇರಿ ಮೀಟಿಂಗಲ್ಲಿ ಹಿಂಡಿಯ ರೇಟಿನ ಜೊತೆ ಡಾಕ್ಟರ್ ವಿಷಯವೂ ಬರುತ್ತೆ.

ಆದರೆ ಹಸು ಇಲ್ಲದವರು? ನಮ್ಮ ಕಡೆ ಡೇರಿಗೆ ಹಾಲು ಹಾಕುವವರು ಅಂದರೆ ಜಮೀನು, ಮೇವು ಇದ್ದವರು. ಕೂಲಿ ಮಾಡುವವರ ಹೆಸರು ಡೇರಿ ಪುಸ್ತಕದಲ್ಲಿ ಇರಲ್ಲ. ಆಶಾ ಅಕ್ಕ ಹೇಳಿದ ಅರಳಿಮರದ ನೆರಳು ಇಲ್ಲೂ ಉಂಟು, ಅದಕ್ಕೆ ಹಾಲಿನ ವಾಸನೆ ಅಷ್ಟೆ. ನೀವು ಏನೇ ವ್ಯವಸ್ಥೆ ಮಾಡಿದರೂ ಅದು ಯಾರ ಪುಸ್ತಕದಿಂದ ಶುರುವಾಗುತ್ತೆ ಅಂತ ನೋಡಿಕೊಳ್ಳಿ.

---

ಫೀನಿಕ್ಸ್ ಕನ್ನಡತಿ

ರಕ್ತದ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನಾನಿರುವ ಅರಿಝೋನದಲ್ಲಿ ಇದೇ ವಿಷಯ ಕೋರ್ಟಿನ ತನಕ ಹೋಗಿದೆ. ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದಲ್ಲಿ ಹವಸುಪಾಯ್ ಅನ್ನುವ ಬುಡಕಟ್ಟಿನವರು ಇದ್ದಾರೆ, ಚಿಕ್ಕ ಸಮುದಾಯ, ಸಕ್ಕರೆ ಕಾಯಿಲೆ ತುಂಬಾ ಜಾಸ್ತಿ. ಅದಕ್ಕೆ ಅವರೇ ಸಹಾಯ ಬೇಕು ಅಂದಿದ್ದು. 1990ರಿಂದ ಅರಿಝೋನ ಸ್ಟೇಟ್ ವಿಶ್ವವಿದ್ಯಾಲಯದವರು ರಕ್ತ ತೆಗೆದುಕೊಂಡು ಹೋದರು. ಸಕ್ಕರೆ ಕಾಯಿಲೆಗೆ ಅಂತಲೇ ಜನ ತೋಳು ಚಾಚಿದ್ದು. ಆಮೇಲೆ ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಯ ಸಂಶೋಧನೆಗೆ, ಇವರ ಪೂರ್ವಜರು ಎಲ್ಲಿಂದ ವಲಸೆ ಬಂದರು ಅಂತ ಹುಡುಕಲು ಬಳಸಿದರು. ಆ ಕಣಿವೆಯಲ್ಲೇ ಹುಟ್ಟಿದವರು ನಾವು ಅನ್ನುವುದು ಅವರ ನಂಬಿಕೆ, ಅದಕ್ಕೇ ಕೈ ಹಾಕಿದ ಹಾಗಾಯ್ತು.

ಹೊರಗೆ ಬಂದದ್ದು ಹೇಗೆ ಗೊತ್ತಾ? 2003ರಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ತನ್ನ ಪ್ರಬಂಧ ಮಂಡಿಸುತ್ತಿದ್ದ. ಕೇಳಲು ಕೂತವರಲ್ಲಿ ಅದೇ ಬುಡಕಟ್ಟಿನ ಹೆಣ್ಣುಮಗಳು ಒಬ್ಬಳು ಇದ್ದಳು. ಎದ್ದು ನಿಂತು, ಇದಕ್ಕೆ ನಮ್ಮ ಅನುಮತಿ ತಗೊಂಡಿದ್ದೀರಾ ಅಂತ ಕೇಳಿದಳು. ಅಷ್ಟೇ. 2010ರಲ್ಲಿ ವಿಶ್ವವಿದ್ಯಾಲಯ ರಾಜಿಗೆ ಬಂತು, 41 ಜನರಿಗೆ 7 ಲಕ್ಷ ಡಾಲರ್ ಕೊಟ್ಟಿತು, ಉಳಿದ ರಕ್ತವನ್ನು ವಾಪಸ್ ಕೊಟ್ಟಿತು. ಪಕ್ಕದ ನವಾಹೋ ಜನ ತಮ್ಮ ನೆಲದಲ್ಲಿ ವಂಶವಾಹಿ ಸಂಶೋಧನೆಯೇ ಬೇಡ ಅಂತ 2002ರಲ್ಲೇ ನಿಲ್ಲಿಸಿದ್ದರು.

ನಿಮ್ಮೂರಲ್ಲಿ ಹಾಗೆ ಆಗಿದೆ ಅನ್ನುತ್ತಿಲ್ಲ. ಬಹುಶಃ ರಿಪೋರ್ಟ್ ಯಾವುದೋ ಬೀರುವಿನಲ್ಲಿ ಬಿದ್ದಿರುತ್ತೆ. ಆದರೂ ಒಪ್ಪಿಗೆ ಪತ್ರದಲ್ಲಿ ರಕ್ತ ಯಾವುದಕ್ಕೆ, ಎಷ್ಟು ದಿನ ಇಡುತ್ತಾರೆ, ಮಿಕ್ಕದ್ದನ್ನು ಏನು ಮಾಡುತ್ತಾರೆ, ಇಷ್ಟು ಓದಿ ಹೇಳಿಸಿಕೊಳ್ಳಿ. ಅಜ್ಜಿಗೂ ಅರ್ಥವಾಗುವ ಹಾಗೆ.

---

ಬಯಲುಸೀಮೆಯವ

ಮೂರು ವಾರ ಆಯ್ತು, ಎಲ್ಲರಿಗೂ ಉತ್ತರ ಕೊಡುವುದು ಬಾಕಿ.

ಮೊದಲು ಆಶಾ ಅಕ್ಕನಿಗೆ. ನೀವು ಕೇಳಿದ ದಿನ ರಾತ್ರಿಯೇ ಲೆಕ್ಕ ಹಾಕಿದೆ. ನಮ್ಮೂರಲ್ಲಿ ದತ್ತು ಆದ 44 ಮನೆಯಲ್ಲಿ ಕಾಲೊನಿಯದ್ದು ಎರಡು. ಆ ಎರಡೂ ಮೇನ್ ರೋಡಿಗೆ ಬಾಗಿಲಿರುವ ಮನೆ. ಪಟ್ಟಿ ಮಾಡಿಸುವಾಗ ಪಕ್ಕದಲ್ಲಿ ನಿಂತಿದ್ದವನು ನಾನೇ, ಕಾಲೇಜಿನವರನ್ನು ಬೈದು ಏನು ಪ್ರಯೋಜನ.

ಗ್ರಾಮ ಆರೋಗ್ಯ ಸಮಿತಿ ಅಂತ ಒಂದು ಇದೆ, ವರ್ಷಕ್ಕೆ ಹತ್ತು ಸಾವಿರ ಬರುತ್ತೆ. ಇಷ್ಟು ದಿನ ಅದರ ಮೀಟಿಂಗ್ ಪುಸ್ತಕದಲ್ಲಿ ಮಾತ್ರ ನಡೆಯುತ್ತಿತ್ತು. ಈ ಸಲ ನಿಜವಾಗಿ ಕರೆದೆವು, ಅದೂ ಕಾಲೊನಿಯ ಸಮುದಾಯ ಭವನದಲ್ಲಿ. ಗಲಾಟೆ ಆಯ್ತು. ಅರ್ಧ ಜನಕ್ಕೆ ರಕ್ತದ ಚೀಟಿ ಬೇಕು, ಅರ್ಧ ಜನಕ್ಕೆ ನೀರು ಬೇಕು. ಒಬ್ಬರು ಮಾತ್ರ ದತ್ತು ಅನ್ನುವ ಪದವೇ ಬೇಡ ಅಂದರು, ಅದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಗೆ ಡೀನ್‌ಗೆ ಪತ್ರ ಬರೆದೆವು: ರಕ್ತದ ರಿಪೋರ್ಟ್, ಮನೆಯಲ್ಲೇ ಇರುವ ಪುಸ್ತಕ, ಮಕ್ಕಳ ಹಲ್ಲಿನ ಸರ್ವೆ, ಮನೆ ಪಟ್ಟಿ ಮತ್ತೆ ಮೊದಲಿಂದ, ಫಿಲ್ಟರ್ ರಿಪೇರಿ.

ಹತ್ತು ದಿನಕ್ಕೆ ವಿಭಾಗದ ಪ್ರೊಫೆಸರ್ ತಾವೇ ಬಂದರು. ರಕ್ತದ್ದು ಸಂಶೋಧನೆ ಅಲ್ಲವಂತೆ, ರಿಪೋರ್ಟೆಲ್ಲ ಆರೋಗ್ಯ ಕೇಂದ್ರಕ್ಕೆ ಕಳಿಸಿದ್ದೇವೆ ಅಂದರು. ಹೋಗಿ ಹುಡುಕಿದೆವು, ನಿಜಕ್ಕೂ ಅಲ್ಲೇ ಇತ್ತು, ಒಂದು ರಟ್ಟಿನ ಡಬ್ಬದಲ್ಲಿ, ವರ್ಷದಿಂದ. ಫೀನಿಕ್ಸ್ ಅಕ್ಕ, ಬೀರು ಅಲ್ಲ, ಡಬ್ಬ. ನಮ್ಮಮ್ಮನಿಗೆ ರಕ್ತ ಕಡಿಮೆ ಇರುವುದು ಆ ಡಬ್ಬಕ್ಕೆ ವರ್ಷದಿಂದ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಈಗ ಕಬ್ಬಿಣದ ಮಾತ್ರೆ ಶುರುವಾಗಿದೆ.

ಪುಸ್ತಕಕ್ಕೂ ಸರ್ವೆಗೂ ಒಪ್ಪಿದರು. ಸರ್ವೆ ಆದ ಮೇಲೆ ಊರ ಮುಂದೆ ನಿಂತು ಕನ್ನಡದಲ್ಲಿ ಓದಿ ಹೇಳಬೇಕು ಅಂತ ಬರೆಸಿಕೊಂಡಿದ್ದೇವೆ, ಅದಕ್ಕೆ ಸ್ವಲ್ಪ ಹಿಂದೆ ಮುಂದೆ ನೋಡಿದರು, ಸಹಿ ಹಾಕಿದರು. ಫಿಲ್ಟರ್ ನಮ್ಮ ಕೆಲಸ ಅಲ್ಲ ಅಂತ ಖಡಾಖಂಡಿತ ಹೇಳಿಬಿಟ್ಟರು. ಖಾಲಿಜೇಬು ಸಾರ್, ಅದು ಪಂಚಾಯ್ತಿದೇ, ನನಗೂ ಗೊತ್ತು, ಮುಂದಿನ ಮೀಟಿಂಗಿಗೆ ಹಾಕಿದ್ದೇನೆ. ನೀರಿನ ಬಾಟಲಿ ಲ್ಯಾಬಿಗೆ ಹೋಗಿದೆ, ರಿಸಲ್ಟ್ ಬಂದಿಲ್ಲ.

ಹೊಸ ಪಟ್ಟಿ ಬರುವ ಮಂಗಳವಾರ. ಬಸ್ಸನ್ನು ದೇವಸ್ಥಾನದ ಹತ್ತಿರ ಬೇಡ, ಕಾಲೊನಿಯ ಕೊನೆ ಮನೆಯ ಹತ್ತಿರ ನಿಲ್ಲಿಸಲು ಹೇಳಿದ್ದೇನೆ.

---

ಆಶಾ ಹದಿನಾಲ್ಕು ವರ್ಷ

ಮಂಗಳವಾರ ಆದರೆ ಸರಿ. ನಿಮ್ಮೂರ ಆಶಾಗೆ ಹಿಂದಿನ ದಿನ ರಾತ್ರಿ ಅಲ್ಲ, ಇವತ್ತೇ ಹೇಳಿ. ಮಕ್ಕಳಿಗೆ ಛತ್ರಿ ತರಲು ಹೇಳಿ, ಕಾಲೊನಿಯಲ್ಲಿ ಮರ ಇರಲ್ಲ.